ಹಸಿರು ಗೆರೆಯ ಅರವತ್ತೈದು ಕಿಲೋ

ಅರಸೀಕೆರೆಯಲ್ಲಿ ನಲವತ್ತು ವರ್ಷ ಕೊಬ್ಬರಿ ಮಂಡಿ ನಡೆಸಿದವನಿಗೆ ತೂಕದ ವಿಷಯದಲ್ಲಿ ಯಾರೂ ಬುದ್ಧಿ ಹೇಳಬಾರದು. ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಹೇಳದಿದ್ದರೂ ಬರುತ್ತದೆ, ಆ ಮಾತು ಬೇರೆ. ತೆಂಗಿನಕಾಯಿಯನ್ನು ಅಂಗೈ ಮೇಲೆ ಒಮ್ಮೆ ಎತ್ತಿ ಇಳಿಸಿ, ಕಿವಿಯ ಹತ್ತಿರ ಅಲ್ಲಾಡಿಸಿ, ಇದು ಅಟ್ಟದ ಮೇಲೆ ಎಷ್ಟು ತಿಂಗಳು ಕೂತಿದೆ, ಒಳಗೆ ಇನ್ನೆಷ್ಟು ನೀರಿದೆ ಎಂದು ಹೇಳಬಲ್ಲವನು ನಾನು. ಅಂಥವನ ಮನೆಗೆ ಕಳೆದ ಸಂಕ್ರಾಂತಿಯ ಹೊತ್ತಿಗೆ ನನ್ನ ಮಗಳು ಒಂದು ಸ್ಮಾರ್ಟ್ ತೂಕದ ಮೆಷಿನ್ ತರಿಸಿದಳು.

ಮಗಳು ಬಾಣಾವರದ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದಾಳೆ. ದಿನಾ ರೈಲಿನಲ್ಲಿ ಹೋಗಿ ಬರುತ್ತಾಳೆ. ಕೂತು ಕೂತು ದಪ್ಪಗಾಗುತ್ತಿದ್ದೇನೆ ಎಂಬುದು ಅವಳ ಚಿಂತೆ. ಐವತ್ತೆಂಟು ಕಿಲೋ ಇರುವ ಹುಡುಗಿಗೆ ಅದೆಂಥ ಚಿಂತೆಯೋ ನನಗೆ ಅರ್ಥವಾಗಲಿಲ್ಲ. ರಟ್ಟಿನ ಪೆಟ್ಟಿಗೆಯಿಂದ ಹೊರಬಂದದ್ದು ಒಂದು ಗಾಜಿನ ಹಲಗೆ. ಅದರ ಮೇಲೆ ಬರಿಗಾಲಲ್ಲಿ ನಿಂತರೆ ತೂಕ ಮಾತ್ರವಲ್ಲ, ಮೈಯಲ್ಲಿ ಕೊಬ್ಬು ಎಷ್ಟು, ಮೂಳೆ ಎಷ್ಟು, ನೀರು ಎಷ್ಟು ಎಂದೆಲ್ಲ ಲೆಕ್ಕ ಹಾಕಿ ಅವಳ ಫೋನಿಗೆ ಕಳಿಸುತ್ತದಂತೆ. ಫೋನು ಹತ್ತಿರ ಇಲ್ಲದಿದ್ದರೂ ನೆನಪಿಟ್ಟುಕೊಂಡಿದ್ದು ಆಮೇಲೆ ಕಳಿಸುತ್ತದಂತೆ. ಮನೆಯವರ ಹೆಸರನ್ನೆಲ್ಲ ಒಮ್ಮೆ ಬರೆದುಕೊಟ್ಟರೆ ಸಾಕು, ನಿಂತವರು ಯಾರು ಎಂಬುದನ್ನು ಅದೇ ಗುರುತು ಹಿಡಿಯುತ್ತದಂತೆ. ಮನೆ ಸೊಸೆಗೂ ಇಷ್ಟು ಬೇಗ ಎಲ್ಲರ ಗುರುತು ಸಿಕ್ಕುವುದಿಲ್ಲ ಎಂದು ನಾನು ಹೊಗಳಿದೆ.

ಮೊದಲ ದಿನ ನನ್ನ ಮೈಯಲ್ಲಿ ನೂರಕ್ಕೆ ನಲವತ್ತೆಂಟು ಪಾಲು ನೀರಿದೆ ಎಂದು ಬಂತು. ನಮ್ಮ ಮಂಡಿಯ ಲೆಕ್ಕದಲ್ಲಿ ಅಂಥ ಮಾಲನ್ನು ಮುಟ್ಟದೆ ವಾಪಸ್ ಅಟ್ಟಕ್ಕೆ ಕಳಿಸುತ್ತೇವೆ. ನನಗೆ ಅರವತ್ತೆರಡು ವರ್ಷ, ಅದು ಮಾತ್ರ ನನ್ನ ದೇಹದ ವಯಸ್ಸು ಎಪ್ಪತ್ತೊಂದು ಎಂದಿತು. ನನ್ನ ಹೆಂಡತಿ ಅದನ್ನು ಕೇಳಿ ಅಡುಗೆಮನೆಯಲ್ಲಿ ಒಬ್ಬಳೇ ನಕ್ಕಳು. ಅವಳದ್ದು ಅರವತ್ತೇಳು ಕಿಲೋ ಬಂದಿತ್ತು.

ಎರಡನೆಯ ದಿನದಿಂದ ರಗಳೆ ಶುರುವಾಯಿತು. ಬಚ್ಚಲುಮನೆಯಲ್ಲಿ ನಿಂತರೆ ನಾನು ಎಪ್ಪತ್ತೊಂಬತ್ತು, ಬಾಗಿಲ ಹತ್ತಿರ ಎಂಬತ್ತೊಂದೂವರೆ, ನಡುಮನೆಯ ಹಳೆಯ ಕಡಪ ಕಲ್ಲಿನ ಮೇಲೆ ಎಪ್ಪತ್ತೆಂಟು, ದೇವರ ಮನೆಯ ಗ್ರಾನೈಟಿನ ಮೇಲೆ ಎಂಬತ್ತೆರಡು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಗಾದೆ. ನಮ್ಮ ಮನೆಯಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತು. ಕೊನೆಗೆ ಉಗ್ರಾಣದ ಬಾಗಿಲ ಪಕ್ಕದಲ್ಲಿ ನನಗೊಂದು ಜಾಗ ಸಿಕ್ಕಿತು. ಅಲ್ಲಿ ನಾನು ಎಪ್ಪತ್ತಾರು. ನಾಲ್ಕು ಹೆಜ್ಜೆ ನಡೆದು ಆರು ಕಿಲೋ ಕಳೆದುಕೊಳ್ಳುವ ಭಾಗ್ಯ ಯಾವ ಆಸ್ಪತ್ರೆಯಲ್ಲೂ ಸಿಗುವುದಿಲ್ಲ. ಮಗಳು ದೇವರ ಮನೆಯನ್ನು ಬಹಿಷ್ಕರಿಸಿ ನಡುಮನೆಯ ಕಲ್ಲಿಗೆ ಒಲಿದಳು. ಬೆಳಗಾದರೆ ಆ ಗಾಜಿನ ಹಲಗೆ ಬೆಕ್ಕಿನ ಮರಿಯ ಹಾಗೆ ಮನೆಯೆಲ್ಲ ಸುತ್ತುತ್ತಿತ್ತು, ಯಾರದೋ ಕಾಲಿಗೆ ಸಿಕ್ಕಿ ದಡಕ್ಕೆನ್ನುತ್ತಿತ್ತು.

ಇದಕ್ಕೊಂದು ಶಿಸ್ತು ಬೇಕೆಂದು ನಾನು ಮಂಡಿಯ ಕಾನೂನನ್ನು ಮನೆಗೆ ತಂದೆ. ಮಂಡಿಯಲ್ಲಿ ನಮ್ಮ ಪದ್ಧತಿ ಹೀಗೆ. ಕಾಟಾದ ಮೇಲೆ ಮೂಟೆ ಇಟ್ಟಾಗ ಹಮಾಲಿ ಕೂಗುವುದು ಕಚ್ಚಾ ತೂಕ. ಅದನ್ನು ಚೀಟಿಯಲ್ಲಿ ಗೀಚಿಕೊಳ್ಳುತ್ತೇವೆ. ಆಮೇಲೆ ಚೀಲದ ತೂಕ ಕಳೆದು, ತೇವ ಇದೆ ಎಂದು ಒಂದಿಷ್ಟು ಮುರಿದು, ಗದ್ದುಗೆಯ ಮೇಲೆ ಕೂತು ಬಿಲ್ಲಿನಲ್ಲಿ ಬರೆಯುವುದು ಪಕ್ಕಾ ತೂಕ. ರೈತ ಎಷ್ಟೇ ಗೋಗರೆದರೂ ಪಕ್ಕಾ ಎಂದರೆ ಪಕ್ಕಾ. ಅವನ ಕಣ್ಣಿಗೆ ಕಂಡದ್ದು ಕಚ್ಚಾ, ನನ್ನ ಕಾಗದದಲ್ಲಿರುವುದು ಸತ್ಯ. ಈ ಸತ್ಯದ ಮೇಲೇ ನಾನು ಎರಡಂತಸ್ತಿನ ಮನೆ ಕಟ್ಟಿದ್ದು ಎಂದು ಇಲ್ಲಿ ಒಪ್ಪಿಕೊಂಡರೆ ತಪ್ಪೇನಿಲ್ಲ.

ಅದೇ ಪ್ರಕಾರ ಮನೆಯಲ್ಲೂ ಆಜ್ಞೆ ಹೊರಡಿಸಿದೆ. ಮೆಷಿನ್ ಇನ್ನು ಮೇಲೆ ಬಚ್ಚಲುಮನೆಯ ಬಾಗಿಲಲ್ಲೇ ಇರತಕ್ಕದ್ದು. ಗಾಜಿನ ಮೇಲೆ ಮೂಡುವ ಅಂಕಿ ಬರೀ ಕಚ್ಚಾ ತೂಕ, ಅದನ್ನು ಯಾರೂ ಓದಬೇಕಾಗಿಲ್ಲ, ಓದಿ ಜಗಳವಾಡಬೇಕಾಗಿಲ್ಲ. ಸುಮ್ಮನೆ ಹತ್ತಿ, ಕುಂಯ್ ಎಂದ ಮೇಲೆ ಇಳಿಯಬೇಕು. ಫೋನಿನಲ್ಲಿ ಬರುವುದೇ ಪಕ್ಕಾ. ಮಗಳು ನನ್ನ ಫೋನಿಗೂ ಆ ಆ್ಯಪ್ ಹಾಕಿಕೊಟ್ಟಳು. ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗೆರೆ. ನನ್ನದು ಕೆಂಪು, ಹೆಂಡತಿಯದು ಹಸಿರು. ಮನೆಯಲ್ಲಿ ಶಾಂತಿ ನೆಲೆಸಿತು, ನನ್ನ ಆಡಳಿತದ ಬಗ್ಗೆ ನನಗೇ ಹೆಮ್ಮೆಯಾಯಿತು.

ನನ್ನ ಹೆಂಡತಿಗೆ ಈ ಕಾನೂನಿನಿಂದ ಏನೂ ವ್ಯತ್ಯಾಸವಾಗಲಿಲ್ಲ. ಅವಳು ಐದಕ್ಕೇ ಎದ್ದು ಸ್ನಾನ ಮುಗಿಸಿ ಹೊರಗೆ ಬರುವಾಗ ಕನ್ನಡಕ ಇರುತ್ತಿರಲಿಲ್ಲ. ಕಾಲ ಕೆಳಗಿನ ಅಂಕಿ ಅವಳಿಗೆ ಕಾಣುತ್ತಲೂ ಇರಲಿಲ್ಲ. ಮಗಳು ಹೇಳಿದ್ದಾಳೆಂದು ದಿನಾ ಹತ್ತಿ ಇಳಿಯುತ್ತಿದ್ದಳು, ದೇವರ ಮುಂದೆ ಪ್ರದಕ್ಷಿಣೆ ಹಾಕುವಷ್ಟೇ ಸಲೀಸಾಗಿ. ಫೋನಿನಲ್ಲಿ ಅವಳದ್ದು ಅರವತ್ತೇಳರಿಂದ ಅರವತ್ತಾರು, ಆಮೇಲೆ ಅರವತ್ತೈದು ಎಂದು ಬಂತು. ಅವಳು ಸಂಜೆ ಹೋಗುತ್ತಿದ್ದ ವಾಕಿಂಗಿನ ಫಲ ಎಂದು ಮೂವರೂ ಸಂತೋಷಪಟ್ಟೆವು. ಶಿವರಾತ್ರಿ ಕಳೆದ ಮೇಲೆ ಅವಳು ಬೇಲೂರಿಗೆ ಹೋದಳು. ಅಲ್ಲಿ ಅವಳ ಅಕ್ಕನ ಮನೆ. ಅಕ್ಕನ ಮಗಳ ಬಾಣಂತನಕ್ಕೆ ಇನ್ನೊಂದು ಜೊತೆ ಕೈ ಬೇಕಾಗಿತ್ತು.

ಒಂದು ತಿಂಗಳ ಮೇಲೆ ಕರೆತರಲು ನಾನೇ ಹೋದೆ. ಅವಳ ಅಕ್ಕ ನನಗೆ ಕಾಫಿ ಕೊಡುವ ಮೊದಲೇ, ಇವಳು ಯಾಕೆ ಹೀಗೆ ಸೊರಗಿದ್ದಾಳೆ, ಮನೆಯಲ್ಲಿ ಊಟ ಹಾಕುತ್ತೀರೋ ಇಲ್ಲವೋ ಎಂದು ಕೇಳಿದರು. ಬಂಧುಗಳ ಮನೆಯಲ್ಲಿ ಸಿಟ್ಟು ಮಾಡಬಾರದೆಂದು ನಾನು ಜೇಬಿನಿಂದ ಫೋನು ತೆಗೆದೆ. ಹಸಿರು ಗೆರೆ ನೆಟ್ಟಗೆ ಮಲಗಿತ್ತು. ಅರವತ್ತೈದು, ಪಕ್ಕದಲ್ಲಿ ‘ಸ್ಥಿರ’ ಎಂಬ ಪದ, ಮೇಲೊಂದು ಚಪ್ಪಾಳೆಯ ಚಿತ್ರ. ಅದನ್ನು ಇಡೀ ಮನೆಗೆ ತೋರಿಸಿದೆ. ಬಾಣಂತಿಗೂ ತೋರಿಸಿದೆ. ಒಂದು ತಿಂಗಳಿಂದ ಮೆಷಿನ್ ಹತ್ತದ ಹೆಂಗಸಿನ ತೂಕ ಫೋನಿಗೆ ಹೇಗೆ ಗೊತ್ತು ಎಂದು ಆ ಮನೆಯಲ್ಲಿ ಯಾರೂ ಕೇಳಲಿಲ್ಲ. ಕೇಳಬೇಕಾದವನು ನಾನೇ ತೋರಿಸುತ್ತಿದ್ದೆನಲ್ಲ.

ಅವಳು ಮನೆಗೆ ಬಂದ ಮೇಲೆ, ಯುಗಾದಿಯ ಹೊತ್ತಿಗೆ, ಮಗಳ ಗೆರೆಗೆ ಹುಚ್ಚು ಹಿಡಿಯಿತು. ಒಮ್ಮೆ ಐವತ್ತೆಂಟು, ಇನ್ನೊಮ್ಮೆ ಅರವತ್ತೊಂದು, ಮತ್ತೆ ಐವತ್ತೆಂಟು, ಮತ್ತೆ ಅರವತ್ತು. ರೈಲಿಗೆ ಓಡುವ ಗಡಿಬಿಡಿಯಲ್ಲಿ ಹಲಗೆ ಹತ್ತಿ ಇಳಿದು, ರೈಲಿನಲ್ಲಿ ಕೂತು ಫೋನು ನೋಡಿಕೊಂಡು, ಸಂಜೆ ಊದಿದ ಮುಖದಲ್ಲಿ ಬರುತ್ತಿದ್ದಳು. ರಾತ್ರಿ ಊಟ ಬಿಟ್ಟಳು. ಮುದ್ದೆ ಬಿಟ್ಟಳು. ಸೌತೆಕಾಯಿ ಹಿಡಿದುಕೊಂಡು ಮೂಲೆಯಲ್ಲಿ ಕೂರುವಳು. ಬೆಳೆದ ಮಗಳು ಹೊಟ್ಟೆಗಿಲ್ಲದೆ ಸೌತೆಕಾಯಿ ಕಚ್ಚುವುದನ್ನು ನೋಡಿ ನನ್ನ ರಕ್ತ ಕುದಿಯಿತು. ಸೆಲ್ ಬದಲಿಸಿದೆವು. ಕಂಪನಿಯ ನಂಬರಿಗೆ ಫೋನು ಮಾಡಿದೆವು. ಸಮನಾದ ಗಟ್ಟಿ ನೆಲದ ಮೇಲೆ ಇಡಿ ಸಾರ್ ಎಂದು ಒಂದು ಹುಡುಗಿ ಇಂಪಾಗಿ ಹೇಳಿ, ನಾನು ಬಾಯಿ ತೆರೆಯುವ ಮೊದಲೇ ನನ್ನ ಸಹನೆಗೆ ಧನ್ಯವಾದ ಹೇಳಿದಳು.

ಕೊನೆಗೆ ಮಂಡಿಯ ಕಾಟಾ ರಿಪೇರಿ ಮಾಡುವವನನ್ನೇ ಮನೆಗೆ ಕರೆಸಿದೆ. ಅವನು ಸೀಲು ಹೊಡೆದ ಇಪ್ಪತ್ತು ಕಿಲೋ ಕಬ್ಬಿಣದ ತೂಕದ ಬಟ್ಟನ್ನು ತಂದು ಆ ಗಾಜಿನ ಮೇಲೆ ಇಟ್ಟ. ಸರಿಯಾಗಿ ಇಪ್ಪತ್ತು. ಎತ್ತಿ ಮತ್ತೆ ಇಟ್ಟ, ಮತ್ತೆ ಇಪ್ಪತ್ತು. ನಾಲ್ಕು ಸಲವೂ ಕೂದಲೆಳೆಯಷ್ಟು ಆಚೀಚೆಯಾಗಲಿಲ್ಲ.

"ಸಾವ್ಕಾರ್ರೇ, ಜಾಗ ಬದಲಾಯಿಸ್ದೇ ಇದ್ರೆ ಮೆಷಿನ್ ಸರಿಯಾಗೇ ಐತೆ," ಎಂದ. "ತಪ್ಪು ಇದ್ರೆ ಹತ್ತೋರದ್ದು."

ಹತ್ತುವವರಲ್ಲಿ ನನ್ನ ಮಗಳೂ ಸೇರಿದ್ದಳು. ಅವನನ್ನು ಬೈದು ಕಳಿಸಿದೆ.

ಈ ಗದ್ದಲದ ನಡುವೆ ನನ್ನ ಹೆಂಡತಿ ಮೂರು ಸಲ ನನ್ನ ಹತ್ತಿರ ಮಾತಾಡಿದಳು. ಮೂರೂ ನನಗೆ ಚೆನ್ನಾಗಿ ನೆನಪಿವೆ. ಮೊದಲ ಸಲ, ಕುಪ್ಪಸಗಳೆಲ್ಲ ದೊಗಲೆಯಾಗುತ್ತಿವೆ ಎಂದಳು. ನಾನು ಪೇಟೆಯ ಟೈಲರ್‌ಗಳ ಅಳತೆಯ ಬಗ್ಗೆ ಒಂದು ಸಣ್ಣ ಭಾಷಣ ಮಾಡಿದೆ. ಎರಡನೆಯ ಸಲ, ಪಾತ್ರೆ ಉಜ್ಜುವಾಗ ಬಳೆ ತಾನಾಗಿ ಕೈಯಿಂದ ಜಾರಿ ಬಿತ್ತು ಎಂದಳು. ಸೋಪು ಜಾಸ್ತಿ ಹಾಕುತ್ತೀಯ ಎಂದೆ. ಮೂರನೆಯ ಸಲ ನಾನು ಮಧ್ಯಾಹ್ನದ ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಾಗ ಬಂದು ಎದುರಿಗೆ ಕೂತಳು.

"ನನ್ಗೆ ಏನೋ ಆಗೈತೆ ಕಣ್ರೀ," ಎಂದಳು. "ಮೈಯಲ್ಲಿ ಶಕ್ತೀನೇ ಇಲ್ಲ. ಕರಗಿ ಹೋಗ್ತಾ ಇದೀನಿ ಅನ್ಸುತ್ತೆ."

ನಾನು ಫೋನು ತೆಗೆದು ಹಸಿರು ಗೆರೆಯನ್ನು ಅವಳ ಮುಖಕ್ಕೆ ಹಿಡಿದೆ. ಅರವತ್ತೈದು, ನೋಡು, ಪಕ್ಕಾ ತೂಕ ಇದು, ನಿನ್ನ ಮನಸ್ಸಿನಲ್ಲಿರುವುದೆಲ್ಲ ಕಚ್ಚಾ ಎಂದೆ. ಅವಳು ಕನ್ನಡಕ ಏರಿಸಿಕೊಂಡು ಫೋನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಇರಬಹುದು ಎಂದು ಹೇಳಿ ಎದ್ದು ಹೋದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ನಾನೇ ಎಷ್ಟು ಜನ ರೈತರಿಗೆ ಗಾದೆ ಹೇಳಿದ್ದೇನೋ ಲೆಕ್ಕವಿಲ್ಲ. ಎದುರಿಗೆ ಕೂತ ಹೆಂಡತಿಯನ್ನು ನೋಡಲು ನನಗೆ ಕನ್ನಡಿ ಸಾಲದೆ ಫೋನು ಬೇಕಾಯಿತು.

ಆಷಾಢದ ಕೊನೆಯ ಹೊತ್ತಿಗೆ ಒಂದು ಪವಾಡ ನಡೆಯಿತು. ಮಗಳ ಗೆರೆ ತಾನಾಗಿ ಸರಿಹೋಯಿತು. ಐವತ್ತೆಂಟು, ಐವತ್ತೇಳೂವರೆ, ಐವತ್ತೆಂಟು, ಐವತ್ತೇಳು. ಏರುಪೇರೆಲ್ಲ ಅಡಗಿ ಹಸನಾದ ಗೆರೆ. ಮೆಷಿನ್ನಿಗೂ ಹೊಸ ಗುಮಾಸ್ತನ ಹಾಗೆ ಕೆಲಸ ಕಲಿಯಲು ಆರು ತಿಂಗಳು ಬೇಕು, ಈಗ ಪಳಗಿದೆ ಎಂದು ನಾನು ತೀರ್ಪು ಕೊಟ್ಟೆ. ಮಗಳು ಆ ರಾತ್ರಿ ಎರಡು ಮುದ್ದೆ ಉಂಡಳು. ಬಡಿಸುತ್ತಿದ್ದ ಅವಳ ಅಮ್ಮ ಗೋಡೆ ಹಿಡಿದುಕೊಂಡು ನಿಂತಿದ್ದಳು. ಕಾಲು ನೋವಿರಬೇಕು ಎಂದುಕೊಂಡೆ.

ಹಾಗೆ ಅಂದುಕೊಳ್ಳಲು ಕಾರಣವೂ ಇತ್ತು. ಎರಡು ವರ್ಷದ ಹಿಂದೆ ಅಟ್ಟದ ಏಣಿಯಿಂದ ಬಿದ್ದು ಅವಳ ಕಾಲು ಮುರಿದಿತ್ತು. ಅವಳು ಮತ್ತೆ ನಡೆದಾಡುವಂತಾದರೆ ಅವಳ ತೂಕದಷ್ಟು ಬೆಲ್ಲ ತೂಗಿಸುತ್ತೇನೆಂದು ನಾನು ಮನೆದೇವರಿಗೆ ಹರಕೆ ಹೊತ್ತಿದ್ದೆ. ಅವಳು ನಡೆದಳು, ನಾನು ಮರೆತೆ. ಮೆಷಿನ್ ಸರಿಹೋದ ಖುಷಿಯಲ್ಲಿ ಹರಕೆ ನೆನಪಾಯಿತು. ತೂಕವೂ ಪಕ್ಕಾ ಗೊತ್ತಿದೆ, ಇನ್ನೇಕೆ ತಡ ಎಂದು ಶ್ರಾವಣದ ಮೊದಲ ಸೋಮವಾರ ಗೊತ್ತು ಮಾಡಿದೆ. ಒಂದೊಂದು ಕಿಲೋದ ಅಚ್ಚು ಬೆಲ್ಲ, ಅರವತ್ತಾರು ಅಚ್ಚು ತರಿಸಿದೆ. ಅರವತ್ತೈದು ಅವಳಿಗೆ, ಒಂದು ನನ್ನ ಮರ್ಯಾದೆಗೆ. ತೂಕದ ವ್ಯಾಪಾರಿ ತಂದ ಬೆಲ್ಲ ದೇವರ ಮುಂದೆ ಕಮ್ಮಿಯಾಯಿತು ಅನ್ನಿಸಿಕೊಳ್ಳಬಾರದಲ್ಲ.

ನಮ್ಮ ಮನೆದೇವರ ಗುಡಿ ಹಳೇಬೀಡು ದಾಟಿ, ಬೇಲೂರಿನ ದಾರಿಯಲ್ಲಿ ಸ್ವಲ್ಪ ಒಳಕ್ಕಿದೆ. ಹೊರಗಿನಿಂದ ಬರುವ ಪ್ರವಾಸಿಗರು ಹಳೇಬೀಡಿನಲ್ಲೇ ಕ್ಯಾಮೆರಾ ಹಿಡಿದು ನಿಂತುಬಿಡುವುದರಿಂದ ನಮ್ಮ ದೇವರಿಗೆ ನೆಮ್ಮದಿ. ಗುಡಿಯ ತೊಲೆಗೆ ತೂಗುಬಿಟ್ಟ ಹಳೆಯ ಕಬ್ಬಿಣದ ತಕ್ಕಡಿ, ಎರಡು ಮರದ ತಟ್ಟೆ, ನಾಲ್ಕು ನಾಲ್ಕು ಸರಪಳಿ. ಅಯ್ನೋರು ಮಂಗಳಾರತಿ ಮುಗಿಸಿ ನನ್ನ ಹೆಂಡತಿಯನ್ನು ಒಂದು ತಟ್ಟೆಯಲ್ಲಿ ಕೂರಿಸಿದರು. ನಾನು ಇನ್ನೊಂದಕ್ಕೆ ಬೆಲ್ಲ ಏರಿಸತೊಡಗಿದೆ. ಮಗಳು ಅಚ್ಚುಗಳನ್ನು ಎಣಿಸಿ ಕೊಡುತ್ತಿದ್ದಳು.

ಐವತ್ತನಾಲ್ಕು ಆಗುವಷ್ಟರಲ್ಲಿ ಹೆಂಡತಿಯ ತಟ್ಟೆ ನೆಲ ಬಿಟ್ಟಿತು. ಐವತ್ತೈದನೆಯ ಅಚ್ಚು ಇಟ್ಟೆ. ಎರಡು ತಟ್ಟೆಯೂ ಸಮನಾಗಿ ನಿಂತವು. ಐವತ್ತಾರನೆಯದನ್ನು ಇಟ್ಟಾಗ ಬೆಲ್ಲ ನೆಲಕ್ಕೆ ಕೂತು, ಅವಳು ಗಾಳಿಯಲ್ಲಿ ಮೇಲಕ್ಕೆ ಹೋದಳು. ಅಯ್ನೋರು ತೂಕ ತುಂಬಿತು ಎಂದರು. ಚೀಲದಲ್ಲಿ ಇನ್ನೂ ಹತ್ತು ಅಚ್ಚು ಉಳಿದಿದ್ದವು.

ನನಗೆ ಸಿಟ್ಟು ಬಂತು. ದೇವರ ಎದುರಿಗೆ, ಶ್ರಾವಣ ಸೋಮವಾರ, ನೆರೆದ ಜನರ ಮುಂದೆ, ನಿಮ್ಮ ತಕ್ಕಡಿ ಸರಿಯಿಲ್ಲ ಎಂದು ಅಯ್ನೋರ ಮೇಲೆ ಏರಿ ಹೋದೆ. ಹೆಂಡತಿಯನ್ನು ಇಳಿಸಿ, ಬೆಲ್ಲ ಇಳಿಸಿ, ಬರಿಯ ತಕ್ಕಡಿಯನ್ನು ನೋಡಿದೆ. ಮುಳ್ಳು ನೆಟ್ಟಗೆ ನಿಂತಿತ್ತು. ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಎಳೆದು ನೋಡಿದೆ. ತಟ್ಟೆಯ ತಳಕ್ಕೆ ಏನಾದರೂ ಅಂಟಿಸಿದ್ದಾರೋ ಎಂದು ಕೈಯಾಡಿಸಿದೆ. ಮಂಡಿಯಲ್ಲಿ ಯಾವ ಯಾವ ಮೋಸ ಗೊತ್ತಿದೆಯೋ ಅದನ್ನೆಲ್ಲ ದೇವರ ತಕ್ಕಡಿಯಲ್ಲಿ ಹುಡುಕಿದೆ. ಕೊನೆಗೆ ಬೆಲ್ಲವಿದ್ದ ಕಡೆ ಅವಳನ್ನು ಕೂರಿಸಿ, ಅವಳಿದ್ದ ಕಡೆ ಬೆಲ್ಲ ಇಟ್ಟೆ. ತಕ್ಕಡಿಯ ಕಳ್ಳತನ ಹಿಡಿಯಲು ಅದೊಂದು ದಾರಿ, ಅದು ತಪ್ಪುವುದಿಲ್ಲ. ಮತ್ತೆ ಐವತ್ತೈದಕ್ಕೆ ನಿಂತಿತು. ನಾನು ಐವತ್ತಾರನೆಯ ಅಚ್ಚು ಕೈಯಲ್ಲಿ ಹಿಡಿದುಕೊಂಡು, ಎರಡು ತಟ್ಟೆಯ ನಡುವೆ ನಿಂತಿದ್ದೆ.

"ಸಾಕು ಬಿಡ್ರೀ," ಎಂದಳು ನನ್ನ ಹೆಂಡತಿ, ಸರಪಳಿ ಹಿಡಿದುಕೊಂಡು. "ನಾನು ಇರೋದೇ ಇಷ್ಟು."

ಆಗ ಅವಳನ್ನು ನೋಡಿದೆ. ಸರಪಳಿ ಹಿಡಿದ ಮುಂಗೈ ನನ್ನ ಎರಡು ಬೆರಳಿನಷ್ಟಿತ್ತು. ಕೊರಳ ಮೂಳೆಯ ಹಿಂದೆ ಗುಳಿ ಬಿದ್ದಿತ್ತು. ಬಳೆಗಳಿಗೆ ದಾರ ಸುತ್ತಿ ಬಿಗಿ ಮಾಡಿಕೊಂಡಿದ್ದಳು. ಇಷ್ಟು ದಿನ ಅದೇ ಕೈಯಿಂದ ಅನ್ನ ಹಾಕಿಸಿಕೊಂಡು ಉಂಡವನು ನಾನು. ನನಗೆ ಹೆದರಿಕೆಯಾಯಿತು. ಕೈಯಲ್ಲಿದ್ದ ಅಚ್ಚನ್ನು ಕೆಳಗಿಟ್ಟು ಅವಳನ್ನು ತಟ್ಟೆಯಿಂದ ಇಳಿಸಿಕೊಂಡೆ.

ವಾಪಸ್ ಬರುವಾಗ ಕಾರಿನಲ್ಲಿ ಮಗಳು ಫೋನಿನಲ್ಲಿ ಹಳೆಯ ತೂಕಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡುತ್ತಿದ್ದಳು. ಜಾವಗಲ್ಲಿನ ಹತ್ತಿರ ಬಂದಾಗ ಹಿಂದಿನ ಸೀಟಿನಲ್ಲಿ ಅಮ್ಮನಿಗೆ ನಿದ್ದೆ ಹತ್ತಿತ್ತು. ಮಗಳು ಮುಂದಕ್ಕೆ ಬಾಗಿ ಮೆಲ್ಲಗೆ ಹೇಳಿದಳು.

"ಅಪ್ಪ, ನನ್ನ ಹೆಸರಲ್ಲಿ ದಿನಾ ಎರಡೆರಡು ತೂಕ ಇದೆ. ಒಂದು ಏಳು ಗಂಟೆದು. ಇನ್ನೊಂದು ಐದೂಮುಕ್ಕಾಲಿಂದು. ಐದೂಮುಕ್ಕಾಲಿಗೆ ನಾನು ಎದ್ದೇ ಇರಲ್ಲ."

ಐದೂಮುಕ್ಕಾಲಿಗೆ ಸ್ನಾನ ಮುಗಿಸಿ ಬರುತ್ತಿದ್ದವಳು ಒಬ್ಬಳೇ. ಬೇಲೂರಿನಿಂದ ಬಂದ ದಿನ ಅವಳು ಅರವತ್ತೊಂದಕ್ಕೆ ಇಳಿದಿದ್ದಳು. ತೂಕ ನೋಡಿ ನಿಂತವರು ಯಾರೆಂದು ತಾನೇ ಗುರುತು ಹಿಡಿಯುವ ಆ ಬುದ್ಧಿವಂತ ಯಂತ್ರ, ಅರವತ್ತೈದರ ಅಮ್ಮ ಇವಳಲ್ಲ, ಐವತ್ತೆಂಟರ ಮಗಳೇ ಇರಬೇಕೆಂದು ತೀರ್ಮಾನಿಸಿ ಅವಳ ತೂಕವನ್ನೆಲ್ಲ ಮಗಳ ಖಾತೆಗೆ ಬರೆದಿತ್ತು. ಅಮ್ಮನ ಹೆಸರಿಗೆ ಹೊಸ ಚುಕ್ಕೆಯೇ ಬೀಳದೆ ಹಸಿರು ಗೆರೆ ಸ್ಥಿರವಾಗಿತ್ತು. ಮಗಳ ಗೆರೆ ಕುಣಿದದ್ದು ಅದಕ್ಕೆ. ಆಷಾಢದಲ್ಲಿ ಅದು ಸರಿಹೋದದ್ದು ಮೆಷಿನ್ ಪಳಗಿದ್ದರಿಂದಲ್ಲ. ತಾಯಿ ಇಳಿದು ಇಳಿದು ಮಗಳಷ್ಟೇ ತೂಕಕ್ಕೆ ಬಂದಿದ್ದಳು. ನಾನು ತೀರ್ಪು ಕೊಟ್ಟು, ಮಗಳು ಎರಡು ಮುದ್ದೆ ಉಂಡು ಸಂಭ್ರಮಿಸಿದ್ದು ಅದನ್ನೇ.

ಮರುದಿನ ಬೆಳಿಗ್ಗೆ ಹಾಸನಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ರಕ್ತ ತೆಗೆಸಿದರು. ಸಕ್ಕರೆ ಕಾಯಿಲೆ, ತುಂಬಾ ಮೇಲಕ್ಕೆ ಹೋಗಿದೆ, ಇನ್ನು ಹದಿನೈದು ದಿನ ಬಿಟ್ಟಿದ್ದರೆ ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಎತ್ತಿಕೊಂಡು ಬರಬೇಕಾಗಿತ್ತು ಎಂದರು. ಇನ್ಸುಲಿನ್ ಕೊಟ್ಟರೆ ಹತೋಟಿಗೆ ಬರುತ್ತದೆ ಎಂದೂ ಹೇಳಿದರು. ನನಗೆ ಉಸಿರು ಬಂತು.

ಎಷ್ಟು ದಿನದಿಂದ ಹೀಗೆ ಎಂದು ಅವರು ಕೇಳಿದಾಗ ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ನಾನು ಫೋನು ತೆಗೆಯುವುದರೊಳಗೆ ಅವಳು ಹೇಳತೊಡಗಿದ್ದಳು. ಬೇಲೂರಿನಲ್ಲಿದ್ದಾಗಲೇ ಬಾಯಾರಿಕೆ ಶುರುವಾಯಿತಂತೆ, ಎಷ್ಟು ನೀರು ಕುಡಿದರೂ ತೀರುತ್ತಿರಲಿಲ್ಲವಂತೆ. ಯುಗಾದಿ ಕಳೆದ ಮೇಲೆ ಕಣ್ಣು ಮಂಜಾಯಿತಂತೆ. ಮಾಲೇಕಲ್ಲಿನ ಬೆಟ್ಟದ ಗುಡಿಗೆ ಹೋದಾಗ ಅರ್ಧ ಮೆಟ್ಟಿಲಿಗೇ ಕೂತುಬಿಟ್ಟು, ಜೊತೆಯವರಿಗೆ ಚಪ್ಪಲಿ ಕಾಯುತ್ತೇನೆಂದು ನೆಪ ಹೇಳಿದಳಂತೆ. ತಿಂಗಳು ತಿಂಗಳಿಗೆ ಏನೇನಾಯಿತೆಂದು ಒಂದೂ ತಪ್ಪದೆ ಹೇಳಿದಳು. ಡಾಕ್ಟರು ಅದನ್ನು ಹೇಳಿದ ಹಾಗೇ ಬರೆದುಕೊಂಡರು. ಇದರಲ್ಲಿ ಒಂದು ಮಾತೂ ನಾನು ಅದುವರೆಗೆ ಕೇಳಿರಲಿಲ್ಲ. ಅವಳು ನನಗೆ ಹೇಳುವುದನ್ನು ಮೂರಕ್ಕೇ ನಿಲ್ಲಿಸಿದ್ದಳು.

ಬರೆದು ಮುಗಿಸಿ ಡಾಕ್ಟರು ತಲೆಯೆತ್ತಿದರು. "ಇಷ್ಟೆಲ್ಲ ಆಗ್ತಿದ್ರೂ ಮನೆಯವ್ರಿಗೆ ಒಂದು ಮಾತು ಹೇಳ್ಲಿಲ್ವೇನಮ್ಮ?"

ಅವಳು ನನ್ನ ಕಡೆ ನೋಡಲಿಲ್ಲ. ಸೆರಗನ್ನು ಕೈ ಮೇಲೆ ಎಳೆದುಕೊಂಡಳು.

"ಇಲ್ಲ ಸಾರ್," ಎಂದಳು. "ನಾನೇ ಹೇಳ್ಲಿಲ್ಲ."

ಡಾಕ್ಟರು ಅವಳನ್ನು ಬೈದರು. ನಿಮ್ಮಂಥ ಹೆಂಗಸರದ್ದು ಇದೇ ಹಣೆಬರಹ, ಎಲ್ಲ ನುಂಗಿಕೊಂಡು ಕೂರುತ್ತೀರಿ, ಹೇಳದಿದ್ದರೆ ಪಾಪ ಗಂಡಸರಿಗೆ ಹೇಗೆ ಗೊತ್ತಾಗಬೇಕು ಎಂದರು. ಅವಳು ತಲೆ ತಗ್ಗಿಸಿ, ಹೌದು ಸಾರ್, ತಪ್ಪಾಯ್ತು ಸಾರ್ ಎನ್ನುತ್ತಿದ್ದಳು. ಊರಿನವರಿಂದ ಹಿಡಿದು ದೇವರ ತಕ್ಕಡಿಯವರೆಗೆ ಎಲ್ಲರ ಮೇಲೂ ಏರಿ ಹೋಗುವ ನಾನು ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ಹೇಳಿದ್ದಳು ಸಾರ್, ಮೂರು ಸಲ ಹೇಳಿದ್ದಳು ಎನ್ನಲು ನನಗೆ ಎಷ್ಟೋ ಹೊತ್ತು ಸಿಕ್ಕಿತ್ತು. ನಾನು ಬಾಯಿ ಬಿಡಲಿಲ್ಲ.